ಯುಜು ಕೊಶೊ ಮತ್ತು ಒಂದು ಮೂಗಿನ ಜಂಬ

ನಾನು ಅಡುಗೆ ಮಾಡುವಾಗ ರುಚಿ ನೋಡುವವಳಲ್ಲ. ಇದನ್ನು ತಪ್ಪೊಪ್ಪಿಗೆ ಎಂದುಕೊಂಡರೂ ಸರಿ, ಜಂಬ ಎಂದುಕೊಂಡರೂ ಸರಿ. ನಾನಂತೂ ಮದುವೆಯಾದ ದಿನದಿಂದ ಜಂಬವೆಂದೇ ಹೇಳಿಕೊಂಡು ಬಂದಿದ್ದೇನೆ. ಮೈಸೂರಿನ ನಮ್ಮ ಮನೆಯಲ್ಲಿ ಒಲೆಯ ಮೇಲಿದ್ದ ಪದಾರ್ಥವನ್ನು ನಾಲಿಗೆಗೆ ಮುಟ್ಟಿಸಿದರೆ ಅದು ಎಂಜಲು. ದೇವರಿಗೆ ನೈವೇದ್ಯವಾಗುವ ಮೊದಲು ಯಾರೂ ಬಾಯಿಗೆ ಹಾಕುವಂತಿಲ್ಲ. ಹಾಗಾದರೆ ಉಪ್ಪು ಸರಿಯಾಗಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಮೂಗಿನಿಂದ. ಕುದಿಯುವ ಸಾರಿನ ಆವಿಯನ್ನು ಅಂಗೈಯಿಂದ ಮುಖದತ್ತ ಎಳೆದುಕೊಂಡು, ಕಣ್ಣು ಅರ್ಧ ಮುಚ್ಚಿ, "ಒಂದು ಚಿಟಿಕೆ ಕಮ್ಮಿ" ಎನ್ನುತ್ತಿದ್ದರು ನಮ್ಮಮ್ಮ. ಆ ಚಿಟಿಕೆ ಬಿದ್ದರೆ ಸಾರು ಸರಿಹೋಗುತ್ತಿತ್ತು. ಉಪ್ಪಿಗೆ ವಾಸನೆಯೇ ಇಲ್ಲವೆಂದು ನನ್ನ ಗಂಡ, ಎಂಜಿನಿಯರ್ ಆದ್ದರಿಂದ, ಮದುವೆಯ ಹೊಸದರಲ್ಲೇ ವಾದಿಸಿದರು. ಆಮೇಲೆ ಎರಡು ಸಲ ಸಾರು ಹಾಕಿಸಿಕೊಂಡರು. ವಾದ ಅಲ್ಲಿಗೆ ಮುಗಿಯಿತು.

ಅಮ್ಮನ ಮೂಗು ನನಗೆ ಬಂದಿದೆ. ಆಕಾರದಲ್ಲಿ ಅಷ್ಟೇನೂ ಹೇಳಿಕೊಳ್ಳುವಂಥದ್ದಲ್ಲ, ಕೆಲಸದಲ್ಲಿ ಮಾತ್ರ ಎರಡು ಮಾತಿಲ್ಲ. ಗಂಡನ ಕಾರ್ ಕಂಪನಿಯ ಕೆಲಸದಿಂದಾಗಿ ನಾವು ಹಿರೋಷಿಮಾಕ್ಕೆ ಬಂದು ನೆಲೆಸಿದ ಮೇಲೆ ಇಲ್ಲಿಯ ಬೆರಳೆಣಿಕೆಯ ಕನ್ನಡ ಮನೆಗಳಲ್ಲಿ ನನ್ನ ಮೂಗು ಬೇಗನೆ ಹೆಸರು ಮಾಡಿತು. ಒಂದು ಯುಗಾದಿಗೆ ಯಾರದೋ ಮನೆಯ ಬಾಗಿಲಲ್ಲಿ ಇನ್ನೂ ಚಪ್ಪಲಿ ಬಿಡುತ್ತಿರುವಾಗಲೇ "ಬಿಸಿಬೇಳೆಬಾತಿಗೆ ಚಕ್ಕೆ ಸ್ವಲ್ಪ ಜಾಸ್ತಿ ಬಿತ್ತಾ?" ಎಂದುಬಿಟ್ಟೆ. ಅಂದಿನಿಂದ ನನ್ನನ್ನು ಊಟಕ್ಕೆ ಕರೆಯುವವರು ಕಡಿಮೆಯಾದರು, ಸಲಹೆ ಕೇಳುವವರು ಹೆಚ್ಚಾದರು. ನನಗೆ ಅದರಿಂದ ಸಂತೋಷವೇ ಆಯಿತು ಎಂದರೆ ನನ್ನ ಸ್ವಭಾವ ನಿಮಗೆ ಅರ್ಥವಾದೀತು.

೨೦೨೦ರಲ್ಲಿ ಊರಿನಿಂದ ಪಾರ್ಸೆಲ್ ಬರುವುದು ನಿಂತಿತು. ವಿಮಾನಗಳೇ ಇಲ್ಲದ ಮೇಲೆ ಹುಣಸೆಹಣ್ಣು ಹೇಗೆ ಹಾರಿ ಬಂದೀತು? ಡಬ್ಬಿಯ ತಳ ಕೆರೆದು ಕೊನೆಯ ಹುಳಿ ಮಾಡಿದ ದಿನ ಮನೆಯಲ್ಲಿ ಒಂದು ಬಗೆಯ ಸೂತಕ. ನಿಂಬೆಹಣ್ಣು ಇತ್ತು, ಇಲ್ಲವೆಂದಲ್ಲ. ಹಿರೋಷಿಮಾದ ಕಡಲ ದ್ವೀಪಗಳ ನಿಂಬೆಗೆ ಜಪಾನಿನಲ್ಲೆಲ್ಲ ಹೆಸರು. ಆದರೆ ದಿನಾ ನಿಂಬೆಹಣ್ಣಿನ ಸಾರು ತಿಂದರೆ ದಿನಾ ಜ್ವರ ಬಿಟ್ಟೆದ್ದವರ ಹಾಗೆ ಅನಿಸುತ್ತದೆ. ವಿನಿಗರ್ ಹಾಕಿಯೂ ನೋಡಿದೆ. ಅದರ ವಿಷಯ ಬೇಡ ಬಿಡಿ.

ಆ ವರ್ಷದ ನವೆಂಬರಿನಲ್ಲಿ ಒಂದು ಬೆಳಿಗ್ಗೆ ನಮ್ಮ ಬಾಗಿಲ ಹಿಡಿಗೆ ಒಂದು ಚೀಲ ನೇತುಹಾಕಿತ್ತು. ಬೆಲ್ ಒತ್ತುವಂತಿಲ್ಲ, ಎದುರು ನಿಂತು ಮಾತಾಡುವಂತಿಲ್ಲ. ಆ ದಿನಗಳಲ್ಲಿ ಕೊಡುಕೊಳ್ಳುವುದೆಲ್ಲ ಬಾಗಿಲ ಹಿಡಿಯ ಮೂಲಕವೇ. ಚೀಲದಲ್ಲಿ ಹಳದಿ ಬಣ್ಣದ, ಮೈಯೆಲ್ಲ ಗುಳಿಬಿದ್ದ ಹತ್ತು ಹಣ್ಣು, ಜೊತೆಗೊಂದು ಚೀಟಿ. ನನ್ನ ಹನ್ನೆರಡು ವರ್ಷದ ಮಗಳು ಅನಘಾ ಓದಿ ಹೇಳಿದಳು: "ನೋಡಲು ಚೆನ್ನಾಗಿಲ್ಲದ ಯುಜು ಹಣ್ಣುಗಳು. ಕೊಡಲು ನಾಚಿಕೆಯಾಗುತ್ತದೆ, ದಯವಿಟ್ಟು ಕ್ಷಮಿಸಿ." ಕಳಿಸಿದವರು ನಮ್ಮ ಅಪಾರ್ಟ್‌ಮೆಂಟಿನ ಗೋಡೆಗೆ ತಾಗಿದ ಹಳೆಯ ಹೆಂಚಿನ ಮನೆಯ ಮಿಯಾಕೆ ಸಾನ್. ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ಎಂಬತ್ತಕ್ಕೆ ಒಂದು ಕಮ್ಮಿ ವಯಸ್ಸು, ಕೊರೊನಾಕ್ಕೆ ಹಿಂದಿನ ವರ್ಷ ಗಂಡನನ್ನು ಕಳೆದುಕೊಂಡು ಒಬ್ಬರೇ ಇದ್ದರು. ಅವರ ಅಂಗಳದ ಯುಜು ಮರವನ್ನು ನಾನು ದಿನವೂ ನಮ್ಮ ಬಾಲ್ಕನಿಯಿಂದ ಆಸೆಗಣ್ಣಿನಿಂದ ನೋಡುವುದು ಅವರಿಗೆ ಕಂಡಿರಬೇಕು.

ಒಂದು ಹಣ್ಣನ್ನು ಉಗುರಿನಿಂದ ಗೀರಿ ಮೂಗಿಗೆ ಹಿಡಿದೆ. ಹೇರಳೆಕಾಯಿ! ಸಾಕ್ಷಾತ್ ಹೇರಳೆಕಾಯಿಯ ಚಿಕ್ಕಮ್ಮನ ಮಗಳು! ನಿಂಬೆ, ಕಂಚಿ, ಗಜನಿಂಬೆ, ಮಾದಲ, ಹೇರಳೆ ಎಲ್ಲ ಒಂದೇ ವಂಶ. ಈ ವಂಶದವರು ಹಿಂದೂ ಮುಂದೂ ನೋಡದೆ ಒಬ್ಬರನ್ನೊಬ್ಬರು ಮದುವೆಯಾಗುವ ಜನ, ಹಾಗಾಗಿ ಯಾವ ದೇಶಕ್ಕೆ ಹೋದರೂ ಒಬ್ಬ ನೆಂಟ ಸಿಗುತ್ತಾನೆ. ಅವತ್ತು ಗೊಜ್ಜು ಮಾಡಿದೆ, ಚಿತ್ರಾನ್ನ ಮಾಡಿದೆ. ಮಿಯಾಕೆ ಸಾನ್ ಗೇಟಿಗೂ ಒಂದು ಡಬ್ಬಿ ನೇತುಹಾಕಿದೆ. ಚೀಟಿಯಲ್ಲಿ ನನಗೆ ಬರುವ ಮಕ್ಕಳ ಜಪಾನಿಯಲ್ಲಿ ಬರೆದೆ: "ಇದು ಬಹಳ ಚೆನ್ನಾಗಿದೆ. ತಿನ್ನಿ."

"ಅಮ್ಮಾ, ಯೂ ಕಾಂಟ್ ಸೇ ದಟ್!" ಎಂದು ಅನಘಾ ತಲೆ ಚಚ್ಚಿಕೊಂಡಳು. ಇಲ್ಲಿಯವರು ತಾವು ಕೊಡುವುದನ್ನು ತಾವೇ ಹೊಗಳುವುದಿಲ್ಲ. ಬಂಗಾರ ಕೊಟ್ಟರೂ ಬೆಲೆಯಿಲ್ಲದ ವಸ್ತು ಎನ್ನಬೇಕು. ನಾವೋ, ಬಡಿಸಿ ಎದುರಿಗೇ ನಿಂತು "ಹೇಗಿದೆ?" ಎಂದು ಕೇಳಿ, ಉತ್ತರ ಬರುವ ಮೊದಲೇ "ಚೆನ್ನಾಗಿದೆ ಅಲ್ವಾ?" ಎಂದು ನಾವೇ ಹೇಳಿಕೊಡುವ ಜನ. ಚೆನ್ನಾಗಿರುವುದನ್ನು ಚೆನ್ನಾಗಿಲ್ಲ ಎಂದರೆ ಸುಳ್ಳು ಹೇಳಿದ ಹಾಗಾಗುವುದಿಲ್ಲವೇ? ಮಿಯಾಕೆ ಸಾನ್ ಆ ಚೀಟಿ ಓದಿ ಗಂಡ ಹೋದ ಮೇಲೆ ಮೊದಲ ಸಲ ಜೋರಾಗಿ ನಕ್ಕರಂತೆ. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದರು, ನಾನೇ ನೋಡಿದ್ದೇನೆ.

ಅಲ್ಲಿಂದ ನಮ್ಮ ವ್ಯವಹಾರ ಬೆಳೆಯಿತು. ಅವರು ಚಳಿಗಾಲದಲ್ಲಿ ಮನೆಯಲ್ಲೇ ಪೊನ್ಜು ಮಾಡುವವರು. ಹುಳಿಹಣ್ಣಿನ ರಸಕ್ಕೆ ಸೋಯಾ ಸಾಸ್ ಸೇರಿಸಿ, ಒಣಮೀನಿನ ಚೂರು ಹಾಕಿ ನೆನೆಸಿಡುವ ದ್ರಾವಣ ಅದು. ಮೀನು ಎಂದ ಕೂಡಲೇ ನಾನು ಸುಮಿಮಾಸೆನ್, ಕ್ಷಮಿಸಿ ಎನ್ನುತ್ತ ಎರಡು ಹೆಜ್ಜೆ ಹಿಂದೆ ಸರಿದೆ. ಮುಂದಿನ ವಾರ ನನಗೆಂದೇ ಮೀನಿಲ್ಲದೆ, ಬರೀ ಕಡಲಪಾಚಿ ಹಾಕಿದ ಒಂದು ಬಾಟಲಿ ಬಾಗಿಲ ಹಿಡಿಯಲ್ಲಿತ್ತು. ಆ ಪೊನ್ಜುವನ್ನು ಹುಣಸೆಹಣ್ಣಿನ ಬದಲು ತೊಗರಿಬೇಳೆ ಕಟ್ಟಿಗೆ ಹಾಕಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು, ಇಳಿಸುವಾಗ ಯುಜು ಸಿಪ್ಪೆ ಒಂದು ಚೂರು ತೇಲಿಬಿಟ್ಟೆ ನೋಡಿ! ಆ ಸಾರನ್ನು ನಾನು ಕಂಡುಹಿಡಿದೆ ಎಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ಸೆಂಡಾಯ್‌ನಲ್ಲಿ ಓದುವ ಕನ್ನಡದ ಹುಡುಗಿಯರು ವಿಡಿಯೋ ಕಾಲ್ ಮಾಡಿ ಅಳತೆ ಕೇಳಿದರು. ಅಳತೆ ಏನು ಹೇಳಲಿ? "ವಾಸನೆ ನೋಡ್ಕೊಂಡು ಹಾಕ್ರಮ್ಮ" ಎಂದೆ. ಮಿಯಾಕೆ ಸಾನ್‌ಗೂ ನನ್ನ ಮೂಗಿನ ಪ್ರತಾಪವನ್ನು ವಿವರಿಸಿದೆ. ರುಚಿ ನೋಡದೆಯೇ ಅಡುಗೆಯೇ ಎಂದು ಅವರು ಬೆರಗಾದರು. ನಾನು ಇನ್ನಷ್ಟು ವಿವರಿಸಿದೆ.

ಹೀಗೆ ಮೆರೆಯುತ್ತಿದ್ದವಳಿಗೆ ೨೦೨೧ರ ಆಗಸ್ಟ್‌ನಲ್ಲಿ ಕೊರೊನಾ ಬಂತು. ಮನೆಯಲ್ಲೇ ಮಲಗಿ ಎದ್ದೆ. ಜ್ವರ ಹೋಯಿತು, ಹೋಗುವಾಗ ಮೂಗನ್ನು ಕಟ್ಟಿಕೊಂಡು ಹೋಯಿತು. ಕಾಫಿ ಪುಡಿಯ ಡಬ್ಬಿಯೊಳಗೆ ಮುಖವಿಟ್ಟರೂ ಬರೀ ಗಾಳಿ. ಇಂಗಿನ ಡಬ್ಬಿ ಬಿಚ್ಚಿದರೆ, ಅಯ್ಯೋ, ಇಂಗೂ ಇಲ್ಲ!

ಯಾರಿಗೂ ಹೇಳಲಿಲ್ಲ. ಏಕೆ ಎಂದು ಕೇಳಬೇಡಿ. ಸಂಗೀತಗಾರ ತನಗೆ ಕಿವಿ ಕೇಳಿಸುವುದಿಲ್ಲ ಎಂದು ಡಂಗುರ ಹೊಡೆಸುತ್ತಾನೆಯೇ? ಕೈ ಅಳತೆ ಪಳಗಿತ್ತು, ಅದರ ಬಲದಲ್ಲೇ ಅಡುಗೆ ನಡೆಯಿತು. ಒಂದು ಸಂಜೆ ಒಗ್ಗರಣೆ ಸೀದುಹೋಗುತ್ತಿದ್ದರೂ ನಾನು ಅದರ ಎದುರಿಗೇ ನಿಂತು ಹಾಡು ಗುನುಗುತ್ತಿದ್ದೆ. ಒಳಗಿನ ಕೋಣೆಯಿಂದ ಅನಘಾ "ಅಮ್ಮಾ, ಕೊಗೆತೆರು ಯೋ!" ಎಂದು ಕೂಗಿದಳು, ಸೀಯುತ್ತಿದೆ ಎಂದು ಎಚ್ಚರಿಕೆ. "ಗೊತ್ತು ಕಣೆ, ಇವತ್ತು ಸ್ವಲ್ಪ ಕಪ್ಪಗೇ ಬೇಕು" ಎಂದೆ. ಆದರೆ ಆವಿಯನ್ನು ಅಂಗೈಯಿಂದ ಎಳೆದುಕೊಳ್ಳುವ ಅಭ್ಯಾಸ ಮಾತ್ರ ಬಿಡಲಿಲ್ಲ. ಒಳಗೆ ಏನೂ ಬರದಿದ್ದರೂ ಕಣ್ಣು ಅರ್ಧ ಮುಚ್ಚುತ್ತಿದ್ದೆ. ನಿಜ ಹೇಳುತ್ತೇನೆ, ನನಗೆ ತುಂಬ ಭಯವಾಗಿತ್ತು.

ಸೆಪ್ಟೆಂಬರ್ ಕೊನೆಗೆ ಮಿಯಾಕೆ ಸಾನ್ ತಮ್ಮ ಅಂಗಳಕ್ಕೆ ಕರೆದರು. ಯುಜು ಇನ್ನೂ ಹಸಿರಾಗಿರುವಾಗ ಅದರ ಸಿಪ್ಪೆ ತುರಿದು, ಹಸಿಮೆಣಸಿನಕಾಯಿ, ಉಪ್ಪು ಸೇರಿಸಿ ಅರೆದು ಇಡುವ ಯುಜು ಕೊಶೊ ಅವರ ತವರಿನ ವಿದ್ಯೆ. ತವರು ಕ್ಯೂಶೂ ದ್ವೀಪದ ಓಯಿತಾ. ಕೊಶೊ ಎಂದರೆ ಜಪಾನಿನಲ್ಲೆಲ್ಲ ಕಾಳುಮೆಣಸು, ಅವರ ಸೀಮೆಯಲ್ಲಿ ಮಾತ್ರ ಮೆಣಸಿನಕಾಯಿ. ನಮ್ಮಲ್ಲೂ ಇದೇ ಕಥೆಯಲ್ಲವೇ? ಮೆಣಸು ನಮ್ಮ ಮನೆಯ ಹಳೆಯ ಯಜಮಾನ. ಹಡಗಿನಲ್ಲಿ ಬಂದಿಳಿದ ಕಾಯಿ ಅವನ ಹೆಸರನ್ನೇ ಹೊದ್ದುಕೊಂಡು ಮೆಣಸಿನಕಾಯಿಯಾಗಿ ಅಡುಗೆಮನೆಯನ್ನೇ ಆಕ್ರಮಿಸಿತು. ಒಬ್ಬನೇ ಕಳ್ಳ ಎರಡೂರಲ್ಲಿ ಒಂದೇ ಉಪಾಯ ಮಾಡಿದ್ದಾನೆ.

ಆದರೆ ಅವತ್ತು ಮಿಯಾಕೆ ಸಾನ್‌ಗೆ ಇಂಥ ಪಾಂಡಿತ್ಯ ಬೇಕಾಗಿರಲಿಲ್ಲ. ಮರದ ಕೆಳಗೆ ಮಾಸ್ಕ್ ಹಾಕಿಕೊಂಡು, ದೂರ ದೂರ ಎರಡು ಸ್ಟೂಲಿನ ಮೇಲೆ ಕೂತಿದ್ದೆವು. ಅವರು ನಿಧಾನವಾಗಿ ವಿಷಯಕ್ಕೆ ಬಂದರು. ಓಯಿತಾದಲ್ಲಿ ವೃದ್ಧರ ಆರೈಕೆಯ ಮನೆಯೊಂದರಲ್ಲಿ ಅವರ ಅಕ್ಕ ಇದ್ದಾರೆ, ಎಂಬತ್ತಾರು ವರ್ಷ. ಕೊರೊನಾ ಬಂದ ಮೇಲೆ ಅಲ್ಲಿಗೆ ಯಾರನ್ನೂ ಬಿಡುವುದಿಲ್ಲ. ಪ್ರತಿ ವರ್ಷ ಒಂದು ಬಾಟಲಿ ಯುಜು ಕೊಶೊ ಅಕ್ಕನಿಗೆ ಹೋಗುತ್ತದೆ. ಹೋದ ವರ್ಷವೂ ಹೋಯಿತು. ಅಕ್ಕ ಪತ್ರ ಬರೆದರು. ಮಳೆಯ ವಿಷಯ, ಮಾಸ್ಕಿನ ವಿಷಯ, ಪಕ್ಕದ ಹಾಸಿಗೆಯವರ ಕೆಮ್ಮಿನ ವಿಷಯ. ಯುಜು ಕೊಶೊದ ಸುದ್ದಿಯೇ ಇಲ್ಲ.

"ಉಪ್ಪು ಜಾಸ್ತಿಯಾಗಿತ್ತು" ಎಂದರು ಮಿಯಾಕೆ ಸಾನ್. "ನನ್ನ ನಾಲಿಗೆಗೆ ಈಗ ಉಪ್ಪು ಗೊತ್ತಾಗುವುದಿಲ್ಲ. ಮುಂಚೆ ಯಜಮಾನರು ರುಚಿ ನೋಡಿ ತಲೆಯಾಡಿಸುತ್ತಿದ್ದರು. ಈ ಸಲದ್ದು ಸರಿಯಾಗಬೇಕು. ಇನ್ನೆಷ್ಟು ಬಾಟಲಿ ಕಳಿಸುತ್ತೇನೋ ಗೊತ್ತಿಲ್ಲ. ವಸುಧಾ ಸಾನ್, ನಿಮ್ಮ ಮೂಗು ಸ್ವಲ್ಪ ಬೇಕಾಗಿತ್ತು."

ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ ಕೂಡ. ಬಂದ ಮಾತು "ಅದಕ್ಕೇನಂತೆ!" ಎಂಬುದು. ಒಳಗೆಲ್ಲ ಗೀರುಗಳಿರುವ ಅವರ ಮಣ್ಣಿನ ಒರಳಿನಲ್ಲಿ ಅರೆದದ್ದಾಯಿತು. ಹೋದ ವರ್ಷದ ಹೆದರಿಕೆಗೆ ಅವರು ಉಪ್ಪನ್ನು ಕೈ ಬಿಗಿಹಿಡಿದು ಕಮ್ಮಿಯೇ ಹಾಕಿದರು. ಒರಳನ್ನು ನನ್ನ ಕಡೆ ತಳ್ಳಿ ತಾವು ದೂರ ಸರಿದರು. ನಾನು ಮಾಸ್ಕ್ ಇಳಿಸಿ, ಅಂಗೈ ಬೀಸಿ, ಕಣ್ಣು ಅರ್ಧ ಮುಚ್ಚಿ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಕೂತೆ. "ಸರಿಯಾಗಿದೆ" ಎಂದೆ. ಅವರ ಮುಖ ಅರಳಿತು. ತಲೆ ಬಾಗಿಸಿ ಮೂರು ಸಲ ಅರಿಗಾತೋ ಎಂದರು. ಮನೆಗೆ ಬಂದವಳಿಗೆ ಊಟ ಸೇರಲಿಲ್ಲ.

ಎರಡು ವಾರ ಕಳೆದ ಮೇಲೆ ಅವರು ಬಾಟಲಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ಎಂದೂ ಬೆಲ್ ಒತ್ತದವರು ಅವತ್ತು ಒತ್ತಿದರು. ಮುಖದಲ್ಲಿ ಏನೋ ಗಾಬರಿ. ಮುಚ್ಚಳ ತಿರುಗಿಸಿದರೆ ಟುಸ್ ಎಂದು ಗಾಳಿ ಬಿಟ್ಟಿತು. "ಇದು ಹೇಗಿದೆ, ನೋಡುತ್ತೀರಾ?" ಎಂದು ಕೈ ಚಾಚಿ ಬಾಟಲಿ ಹಿಡಿದರು. ಬಣ್ಣ ಚೆನ್ನಾಗಿಯೇ ಇತ್ತು. ನಾನು ಮಾಸ್ಕ್ ಇಳಿಸಿ ಎದೆ ತುಂಬ ಉಸಿರು ಎಳೆದುಕೊಂಡು, "ಆಹಾ! ಎಂಥ ಪರಿಮಳ ಮಿಯಾಕೆ ಸಾನ್!" ಎಂದೆ.

ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಸೋ ದೆಸ್ ಕಾ" ಎಂದರು. ಹೌದೇ ಎಂದಷ್ಟೇ ಅದರ ಅರ್ಥ. ಮುಚ್ಚಳ ಹಾಕಿ, ಬಾಗಿ ನಮಸ್ಕರಿಸಿ, ಮೆಟ್ಟಿಲಿಳಿದು ಹೋದರು. ಬೆನ್ನ ಹಿಂದೆ, ಮನೆಯಿಂದಲೇ ಕೆಲಸ ಮಾಡುತ್ತಿದ್ದ ನನ್ನ ಗಂಡ ಬಾಗಿಲಿಗೆ ಬಂದು ಮೂಗು ಹಿಡಿದುಕೊಂಡರು. "ಏನೇ ಇದು ನಾತ? ಡ್ರೈನೇಜ್ ಏನಾದ್ರೂ ಬ್ಲಾಕ್ ಆಗಿದ್ಯಾ?"

ನಾನು ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟೆ. ಗಂಡನಿಗೆ ಎಲ್ಲ ಹೇಳಿದೆ, ಎರಡು ತಿಂಗಳ ಮೇಲೆ. "ನಂಗಾದ್ರೂ ಹೇಳ್ಬಾರ್ದಿತ್ತೇನೇ?" ಎಂದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಪ್ಪು ಸಾಲದೆ ಇಡೀ ಬಾಟಲಿ ಕೊಳೆತಿತ್ತು. ಎಂಬತ್ತಾರು ವರ್ಷದ ಒಬ್ಬಾಕೆ ಕಾಯುತ್ತಿದ್ದ ಬಾಟಲಿ ಅದು. ಕೊಳೆಸಿದ್ದು ಉಪ್ಪಿನ ಕೊರತೆಯಲ್ಲ, ನನ್ನ ಜಂಬ.

ಮರುದಿನ ಬೆಳಿಗ್ಗೆ ಹೋದೆ. ಅವರು ಮರಕ್ಕೆ ನೀರು ಹಾಕುತ್ತಿದ್ದರು. ಜಪಾನಿಯಲ್ಲಿ ಕ್ಷಮೆ ಕೇಳಲು ಹತ್ತು ಬಗೆಯ ಮಾತುಗಳಿವೆ. ದಾರಿಯುದ್ದಕ್ಕೂ ಉರುಹೊಡೆದದ್ದು ಒಂದೂ ಬಾಯಿಗೆ ಬರಲಿಲ್ಲ. "ನನಗೆ ವಾಸನೆ ಬರುವುದಿಲ್ಲ. ಆಗಸ್ಟ್‌ನಿಂದ. ಸುಳ್ಳು ಹೇಳಿದೆ" ಎಂದೆ.

ಅವರು ನೀರಿನ ಕೊಳವೆ ಕೆಳಗಿಟ್ಟು ನನಗಿಂತ ಆಳವಾಗಿ ಬಾಗಿದರು. "ನೀವು ಕಾಯಿಲೆ ಬಿದ್ದು ಎದ್ದವರು. ಹೇಗಿದ್ದೀರಿ ಎಂದು ಕೇಳದೆ ಕೆಲಸ ಹೇಳಿದೆ. ತಪ್ಪು ನನ್ನದು." ತಪ್ಪು ಮಾಡಿದವಳು ನಾನು, ಕ್ಷಮೆ ಕೇಳುವವರು ಅವರು! ಈ ಜನರ ಜೊತೆ ಜಗಳವಾಡಿ ಹಗುರಾಗುವ ಸುಖವೂ ಇಲ್ಲ. ನಾನು ಅತ್ತುಬಿಟ್ಟೆ. ಮಾಸ್ಕಿನೊಳಗೆ ಅಳುವುದು ಬಹಳ ಕಷ್ಟದ ಕೆಲಸ, ಮೂಗು ಯಾವುದಕ್ಕೂ ಬಾರದಿದ್ದರೂ ಸೋರುವುದನ್ನು ಮಾತ್ರ ಮರೆತಿರುವುದಿಲ್ಲ.

ನಾನು ಸುಧಾರಿಸಿಕೊಂಡ ಮೇಲೆ ಅವರು ಮರದ ಕಡೆ ನೋಡಿದರು. ಇಲ್ಲಿ ಒಂದು ಗಾದೆಯಿದೆ: ಪೀಚ್ ಮರ ಮೂರು ವರ್ಷಕ್ಕೆ ಫಲ ಕೊಡುತ್ತದೆ, ಕಾಕಿ ಹಣ್ಣಿನ ಮರ ಎಂಟಕ್ಕೆ, ಪೆದ್ದ ಯುಜು ಹದಿನೆಂಟಕ್ಕೆ. ಆ ಮರವನ್ನು ಅವರ ಗಂಡ ಬೀಜ ಹಾಕಿ ಬೆಳೆಸಿ, ಕಾದು, ಫಲ ಕಂಡವರು. ಅಕ್ಟೋಬರ್ ಅರ್ಧವಾಗಿತ್ತು, ಬಿಸಿಲು ಬೀಳುವ ಕಡೆಯ ಹಣ್ಣುಗಳು ಆಗಲೇ ಹಳದಿಗೆ ತಿರುಗಿದ್ದವು. ಗೋಡೆಯ ನೆರಳಿನಲ್ಲಿ ಮಾತ್ರ ಒಂದಷ್ಟು ಹಸಿರಾಗಿ ಉಳಿದಿದ್ದವು. ಇನ್ನೊಂದೇ ಸಲಕ್ಕೆ ಸಾಕಾಗುವಷ್ಟು.

"ವಸುಧಾ ಸಾನ್, ನಾಲಿಗೆ ಹೇಗಿದೆ?"

"ನಾಲಿಗೆಗೆ ಏನೂ ಆಗಿಲ್ಲ. ಉಪ್ಪು, ಹುಳಿ, ಖಾರ ಎಲ್ಲ ಗೊತ್ತಾಗುತ್ತದೆ."

"ನನಗೆ ವಾಸನೆ ಗೊತ್ತಾಗುತ್ತದೆ" ಎಂದರು. "ಬನ್ನಿ."

ಅವರು ಸಿಪ್ಪೆ ತುರಿದರು, ನಾನು ಕೈಗವಸು ಹಾಕಿಕೊಂಡು ಮೆಣಸಿನಕಾಯಿಯ ಬೀಜ ತೆಗೆದೆ. ಎಷ್ಟು ಸಿಪ್ಪೆಗೆ ಎಷ್ಟು ಮೆಣಸಿನಕಾಯಿ ಎಂಬುದನ್ನು ಅವರು ಮೂಸಿ ಮೂಸಿ ನಿರ್ಧರಿಸಿದರು. ನನ್ನ ಸ್ಥಾನದಲ್ಲಿ ಬೇರೆಯವರು ಮೂಸುವುದನ್ನು ನೋಡುತ್ತ ಕೂರುವುದು ಎಂಥ ಶಿಕ್ಷೆ ಎಂದು ಹೇಳಲಾರೆ. ಆಮೇಲೆ ಅಂಗೈಯಗಲದ ಒಂದು ಬಿಳಿ ತಟ್ಟೆಯಲ್ಲಿ ಚೂರು ತೆಗೆದು ನನ್ನ ಮುಂದಿಟ್ಟರು. ಅಡುಗೆ ಆಗುತ್ತಿರುವಾಗ ರುಚಿ ನೋಡಲೆಂದೇ ಇಲ್ಲಿ ಮನೆಮನೆಯಲ್ಲೂ ಇಂಥ ಪುಟ್ಟ ತಟ್ಟೆ ಇರುತ್ತದೆ. ರುಚಿ ನೋಡದೆ ಬಡಿಸುವುದು ಇವರಿಗೆ ಅತಿಥಿಗೆ ಮಾಡುವ ಅಗೌರವ, ರುಚಿ ನೋಡಿ ಬಡಿಸುವುದು ನಮಗೆ ದೇವರಿಗೆ ಮಾಡುವ ಅಗೌರವ. ಇಬ್ಬರೂ ಹೇಳುವುದು ಒಂದೇ: ಉಣ್ಣುವವರು ದೊಡ್ಡವರು.

ಆದರೂ ಕೈ ಮೇಲೇಳಲಿಲ್ಲ. ಇಷ್ಟು ವರ್ಷ ಅರ್ಧ ಬೆಂದದ್ದನ್ನು ಬಾಯಿಗಿಟ್ಟವಳಲ್ಲ. "ತಪ್ಪಾಯ್ತಮ್ಮ" ಎಂದು ಮನಸ್ಸಿನಲ್ಲೇ ಅಮ್ಮನಿಗೆ ಹೇಳಿ ಬೆರಳ ತುದಿಯಲ್ಲಿ ತೆಗೆದು ನಾಲಿಗೆಗಿಟ್ಟೆ. ಉಪ್ಪಿತ್ತು, ಉರಿಯಿತ್ತು, ಸಿಪ್ಪೆಯ ಕಹಿಯಿತ್ತು. ಯುಜು ಎಲ್ಲೂ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ತಪ್ಪನ್ನು ಮೆಣಸಿನಕಾಯಿಯ ಮೇಲೆ ಹಾಕಿದೆ.

"ಇನ್ನೂ ಒಂದು ಚಮಚ" ಎಂದೆ. ಅವರು ಮರುಮಾತಿಲ್ಲದೆ ಹಾಕಿದರು. ಅರೆದೆವು. ಮತ್ತೆ ನಾಲಿಗೆಗಿಟ್ಟೆ. "ಇನ್ನೂ ಅರ್ಧ." ಅವರ ಕೈ ಒಂದು ಕ್ಷಣ ತಡೆಯಿತು, ಹೋದ ವರ್ಷದ ಪತ್ರ ನೆನಪಾಗಿರಬೇಕು. ನನ್ನ ಮುಖ ನೋಡಿ ಹಾಕಿಬಿಟ್ಟರು. ಮೂರನೆಯ ಸಲ ನಾನು "ಸಾಕು" ಎಂದೆ. ಹಿಂದೆ ಎಷ್ಟೋ ಸಾರು, ಎಷ್ಟೋ ಹುಳಿಗೆ ಮೂಗಿನಿಂದ ಸಾಕು ಎಂದವಳು ನಾನು. ಆದರೆ ಒಬ್ಬರು ಹೆದರಿಕೆಯನ್ನು ಬದಿಗಿಟ್ಟು ನನ್ನ ಒಂದು ಮಾತಿನ ಮೇಲೆ ಉಪ್ಪಿನ ಡಬ್ಬಿ ಮುಚ್ಚಿದ್ದು ಅವತ್ತೇ. ಅದಕ್ಕಿಂತ ದೊಡ್ಡ ಹೆಮ್ಮೆ ನನಗೆ ಇನ್ನೊಂದಿಲ್ಲ.

ಬಾಟಲಿಗೆ ಚೀಟಿ ಅಂಟಿಸುವಾಗ ಅವರು ತಮ್ಮ ಹೆಸರಿನ ಪಕ್ಕದಲ್ಲಿ ನನ್ನ ಹೆಸರನ್ನೂ ಬರೆದರು. ನಾನು ಬೇಡ ಎನ್ನಲಿಲ್ಲ. ಬೇಡ ಎನ್ನುವುದು ನನಗೆ ಬರುವುದಿಲ್ಲ.

ಈ ಸಲ ಎರಡು ವಾರ ಕಳೆದರೂ ಮುಚ್ಚಳ ಸದ್ದು ಮಾಡಲಿಲ್ಲ. ಬಾಟಲಿ ಓಯಿತಾಕ್ಕೆ ಹೋಯಿತು. ನನ್ನ ಮೂಗು ಸ್ವಲ್ಪ ಸ್ವಲ್ಪವಾಗಿ, ಮುನಿಸಿಕೊಂಡ ನೆಂಟರ ಹಾಗೆ, ಮೊದಲು ಇಂಗು, ಆಮೇಲೆ ಕಾಫಿ ಎಂದು ವಾಪಸಾಗತೊಡಗಿತು. ಡಿಸೆಂಬರಿನ ಒಂದು ಮಧ್ಯಾಹ್ನ ಪೊನ್ಜು ಸಾರು ಕೊಡಲು ಹೋಗಿ ಅವರ ಅಂಗಳದಲ್ಲಿ ನಿಂತಿದ್ದೆ. ಒಳಗೆ ಫೋನ್ ಬಂತು. ಕಿವಿ ಮಂದವಾದ್ದರಿಂದ ಮಿಯಾಕೆ ಸಾನ್ ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವವರು. ಅಕ್ಕ! ಪತ್ರ ಬರೆಯುವ ತಾಳ್ಮೆಯಿಲ್ಲದೆ ಅಲ್ಲಿಯ ನರ್ಸ್ ಕೈಯಿಂದ ಫೋನ್ ಹಚ್ಚಿಸಿದ್ದರು. ಬೆಳಗಿನ ಗಂಜಿಗೆ ಚೂರು ಹಾಕಿಕೊಂಡರಂತೆ. "ಅಮ್ಮ ಮಾಡಿದ ಹಾಗೇ ಇದೆ ಕಣೆ" ಎಂದ ಧ್ವನಿ ಅಂಗಳದವರೆಗೂ ಕೇಳಿಸಿತು. ಮಿಯಾಕೆ ಸಾನ್ ಫೋನಿಗೇ ತಲೆ ಬಾಗಿಸುತ್ತಿದ್ದರು.

"ಚೀಟಿಯಲ್ಲಿ ನಿನ್ನ ಹೆಸರಿನ ಪಕ್ಕ ಇನ್ನೊಂದು ಹೆಸರಿದೆಯಲ್ಲ, ಅದು ಯಾರದು?" ಎಂದರು ಅಕ್ಕ.

ಪಕ್ಕದ ಮನೆಯ ಇಂಡಿಯಾದವರು ಎಂದು ಹೇಳುತ್ತಾರೆಂದು ನಾನು ಸೆರಗು ಸರಿಮಾಡಿಕೊಂಡು ನಿಂತೆ. ಮಿಯಾಕೆ ಸಾನ್ ತಲೆಯೆತ್ತಿ ನನ್ನನ್ನೇ ನೋಡುತ್ತ ಹೇಳಿದರು: "ಅದು ನನ್ನ ನಾಲಿಗೆ."

ನನ್ನ ನಾಲಿಗೆ ಉದ್ದ ಎಂದು ತವರಿನಲ್ಲಿ ಅಂದಿದ್ದಾರೆ, ಅತ್ತೆಮನೆಯಲ್ಲಿ ಅಂದಿದ್ದಾರೆ, ಹಿರೋಷಿಮಾದ ಕನ್ನಡದವರೂ ಬೆನ್ನ ಹಿಂದೆ ಅನ್ನುತ್ತಾರೆಂದು ಗೊತ್ತು. ಅದನ್ನು ತನ್ನದು ಎಂದು ಹೇಳಿಕೊಂಡವರು ಈವರೆಗೆ ಇವರೊಬ್ಬರೇ.